ಮಗುವಿಗಾಗಿ ಒಂದು ಫೈಲು: ದಾವಣಗೆರೆಯ ಅಪ್ಪ-ಅಮ್ಮಂದಿರಿಗೆ ಹಂತ ಹಂತದ ಮಾರ್ಗದರ್ಶಿ

ನನ್ನ ಮಗನಿಗೆ ಈಗ 14 ವರ್ಷ. ಬುದ್ಧಿ ಬೆಳವಣಿಗೆ ನಿಧಾನ, ಜೊತೆಗೆ ಫಿಟ್ಸ್ ಇದೆ. ಮಾತು ಅಂದರೆ ನಾಲ್ಕೈದು ಪದ ಅಷ್ಟೇ. ಅವನು ಮೂರು ವರ್ಷದವನಿದ್ದಾಗ ಅವನ ಕಾಗದಗಳೆಲ್ಲ ಬಟ್ಟೆ ಅಂಗಡಿಯ ಒಂದು ಕವರಿನಲ್ಲಿರುತ್ತಿದ್ದವು. ಒಂದು ದಿನ ಹೊಸ ಡಾಕ್ಟರ ಮುಂದೆ ಕೂತಿದ್ದೆವು. "ಮೊದಲ ಫಿಟ್ಸ್ ಯಾವಾಗ ಬಂತು? ಹುಟ್ಟಿದಾಗ ತೂಕ ಎಷ್ಟಿತ್ತು? ಹುಟ್ಟಿದ ಕೂಡಲೇ ಅತ್ತನಾ? ಈ ಮಾತ್ರೆ ಯಾಕೆ ನಿಲ್ಲಿಸಿದರು?" ಅಂತ ಅವರು ಕೇಳುತ್ತಾ ಹೋದರು. ನಾನು ಯಜಮಾನರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಹೆರಿಗೆಯ ಡಿಸ್ಚಾರ್ಜ್ ಕಾಗದ ಜಗಳೂರಿನ ಹತ್ತಿರ ನನ್ನ ತವರುಮನೆಯ ಟ್ರಂಕಿನಲ್ಲಿತ್ತು. ಹಳೇ ಸ್ಕ್ಯಾನ್ ಎಲ್ಲಿ ಹೋಯಿತೋ ಗೊತ್ತಿರಲಿಲ್ಲ. ಎಲ್ಲ ಟೆಸ್ಟ್ ಮತ್ತೆ ಮಾಡಿಸಿದೆವು. ಮಗುವಿಗೆ ಮತ್ತೆ ಸೂಜಿ, ನಮಗೆ ಮತ್ತೆ ಖರ್ಚು.

ಅವತ್ತು ವಾಪಸ್ ಬರುವಾಗಲೇ ಒಂದು ಫೈಲು ಕೊಂಡು ತಂದೆ. ಹನ್ನೊಂದು ವರ್ಷದಲ್ಲಿ ಅದು ಎರಡು ಫೈಲಾಗಿದೆ. ಆಸ್ಪತ್ರೆ, ನಾಡಕಚೇರಿ, ಶಾಲೆ, ರೈಲ್ವೆ ಸ್ಟೇಷನ್, ಎಲ್ಲ ಕಡೆ ಅದೇ ನಮ್ಮ ಬಲ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ತಮ್ಮ ವಿಷಯ ತಾವೇ ಹೇಳಲಾರರು. ನಾವು ಹೇಳುತ್ತೇವೆ. ಆದರೆ ನಮಗೂ ಮರೆವು ಬರುತ್ತದೆ, ಒಂದೊಂದು ದಿನ ನಾವೇ ಊರಲ್ಲಿರುವುದಿಲ್ಲ. ಆಗ ಮಗುವಿನ ಪರವಾಗಿ ಆ ಫೈಲು ಮಾತಾಡಬೇಕು. ಅದನ್ನು ಕಟ್ಟುವುದು ಹೇಗೆ, ಕಟ್ಟಿದ ಮೇಲೆ ಎಲ್ಲಿ ಹೇಗೆ ಬಳಸುವುದು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಚಿತ್ರದುರ್ಗದವರಿಗೂ ಇದೇ ದಾರಿ. ಜಿಲ್ಲಾ ಆಸ್ಪತ್ರೆ ಮಾತ್ರ ನಿಮ್ಮ ಊರಿನದು.

ಫೈಲು ತರುವುದು

ಸ್ಟೇಷನರಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಜೇಬುಗಳಿರುವ ಫೈಲು ಕೇಳಿ. ಕಾಗದಕ್ಕೆ ತೂತು ಹೊಡೆಯುವ ಫೈಲು ಬೇಡ. ಮೂಲ ಸರ್ಟಿಫಿಕೇಟಿಗೆ ತೂತು ಬೀಳುತ್ತದೆ, ಪದೇ ಪದೇ ತೆಗೆದು ಹಾಕಿದರೆ ಅಂಚು ಹರಿಯುತ್ತದೆ. ಸ್ಕ್ಯಾನ್ ಫಿಲ್ಮುಗಳನ್ನು ಮಡಚಬೇಡಿ, ಅವಕ್ಕೆ ಅವುಗಳದೇ ದೊಡ್ಡ ಕವರು ಇರಲಿ.

ಮನೆಯಲ್ಲಿರುವ ಎಲ್ಲ ಚೀಟಿಗಳನ್ನು ಒಂದು ಮಧ್ಯಾಹ್ನ ನೆಲದ ಮೇಲೆ ಹರಡಿ ತಾರೀಖಿನ ಪ್ರಕಾರ ಜೋಡಿಸಿ. ಹಳೆಯದು ಕೆಳಗೆ, ಹೊಸದು ಮೇಲೆ. ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ತಾಯಿ ಕಾರ್ಡು, ಲಸಿಕೆ ಕಾರ್ಡು, ಜನನ ಪ್ರಮಾಣಪತ್ರ, ಎಂಆರ್‌ಐ ಮತ್ತು ಇಇಜಿ ವರದಿ, ಕಿವಿ ಪರೀಕ್ಷೆ, ಕಣ್ಣಿನ ಪರೀಕ್ಷೆ, ಔಷಧಿ ಚೀಟಿಗಳು. ಡಿಸ್ಚಾರ್ಜ್ ಕಾಗದ ಕಳೆದಿದ್ದರೆ ಹೆರಿಗೆಯಾದ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಹೋಗಿ ಪ್ರತಿ ಕೇಳಿ. ದಾಖಲಾದ ತಾರೀಖು ಗೊತ್ತಿದ್ದರೆ ಅವರಿಗೆ ಹುಡುಕಲು ಸುಲಭ.

ಇಷ್ಟಾದ ಮೇಲೆ ಪ್ರತಿ ಕಾಗದದ ಫೋಟೋ ಮೊಬೈಲಿನಲ್ಲಿ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಡಿ. ಔಷಧಿ ಅಂಗಡಿಯ ಬಿಲ್ಲುಗಳ ಅಕ್ಷರ ಒಂದೆರಡು ವರ್ಷದಲ್ಲಿ ಮಾಸಿ ಬಿಳಿ ಕಾಗದವಾಗುತ್ತದೆ. ಅವನ್ನು ಜೆರಾಕ್ಸ್ ಮಾಡಿಸಿ ಜೊತೆಗಿಡಿ.

ಮೂಲ ಕಾಗದ ಯಾರ ಕೈಗೂ ಬಿಟ್ಟು ಬರಬೇಡಿ. "ಕೊಟ್ಟು ಹೋಗಿ, ನೋಡೋಣ" ಅಂದರೆ ಜೆರಾಕ್ಸ್ ಕೊಡಿ, ಮೂಲ ತೋರಿಸಿ, ವಾಪಸ್ ಫೈಲಿಗೆ ಹಾಕಿ. ಯಾವ ಕಚೇರಿಗೆ ಏನು ಕೊಟ್ಟರೂ ಸ್ವೀಕೃತಿ ಕೇಳಿ. ಸ್ವೀಕೃತಿ ಚೀಟಿ ಇಲ್ಲ ಅಂದರೆ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಇದನ್ನು ಕಲಿಯಲು ನಮಗೆ ಒಂದು ವರ್ಷ ಹಿಡಿಯಿತು. ಒಂದು ಕಚೇರಿಯಲ್ಲಿ ನಮ್ಮ ಅರ್ಜಿಯೇ ಬಂದಿಲ್ಲ ಅಂದರು. ಕೊಟ್ಟಿದ್ದೇವೆ ಎಂದು ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಮೊದಲ ಪುಟ

ಫೈಲು ತೆರೆದ ಕೂಡಲೇ ಕಾಣುವಂತೆ ಒಂದೇ ಒಂದು ಪುಟ ನೀವೇ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಔಷಧಿಯ ಹೆಸರು ಮಾತ್ರ ಸ್ಟ್ರಿಪ್ ಮೇಲೆ ಇರುವ ಹಾಗೆ, ಅದೇ ಅಕ್ಷರದಲ್ಲಿ ಬರೆಯಿರಿ. ಈ ಪುಟ ಡಾಕ್ಟರಿಗೆ, ಟೀಚರಿಗೆ, ಥೆರಪಿ ಮಾಡುವವರಿಗೆ, ಮನೆಗೆ ಬಂದ ಚಿಕ್ಕಮ್ಮನಿಗೆ, ಎಲ್ಲರಿಗೂ ಒಂದೇ.

ಮಗುವಿನ ಹೆಸರು, ಹುಟ್ಟಿದ ದಿನ, ರಕ್ತದ ಗುಂಪು, ಈಗಿನ ತೂಕ. ಏನು ತೊಂದರೆ ಎಂದು ಡಾಕ್ಟರು ಹೇಳಿದ್ದಾರೆ. ಯಾವ ಮಾತ್ರೆ, ಎಷ್ಟು, ಎಷ್ಟು ಗಂಟೆಗೆ. ಯಾವ ಔಷಧಿ ಅಲರ್ಜಿ. ತೂಕದ ಪಕ್ಕ ತಾರೀಖು ಹಾಕಿ, ಮೂರು ತಿಂಗಳಿಗೊಮ್ಮೆ ತಿದ್ದಿ. ಮಕ್ಕಳ ಔಷಧಿ ಪ್ರಮಾಣ ತೂಕದ ಮೇಲೆ ನಿಂತಿರುತ್ತದೆ. ನಮ್ಮ ಹುಡುಗ ಒಂದೇ ವರ್ಷದಲ್ಲಿ ಆರು ಕಿಲೋ ಬೆಳೆದ. ಫಿಟ್ಸ್ ಜಾಸ್ತಿಯಾದಾಗ ನಾವು ದೃಷ್ಟಿ, ಗ್ರಹಚಾರ ಅಂತ ಯೋಚಿಸುತ್ತಿದ್ದೆವು. ಡಾಕ್ಟರು ತೂಕದ ಪಟ್ಟಿ ನೋಡಿ, ಮಾತ್ರೆ ಹಳೇ ತೂಕಕ್ಕೇ ನಡೆಯುತ್ತಿದೆ ಎಂದು ಕಂಡುಹಿಡಿದರು.

ಅದೇ ಪುಟದ ಕೆಳಗಿನ ಅರ್ಧದಲ್ಲಿ ಯಾವ ವರದಿಯಲ್ಲೂ ಇಲ್ಲದ ವಿಷಯ ಬರೆಯಿರಿ. ನಮ್ಮದು ಹೀಗಿದೆ: "ಹಸಿವಾದರೆ ಕೈ ಹಿಡಿದು ಅಡುಗೆಮನೆಗೆ ಎಳೆಯುತ್ತಾನೆ. ಹೊಟ್ಟೆ ನೋವಾದರೆ ಅಳುವುದಿಲ್ಲ, ಗೋಡೆಗೆ ತಲೆ ಒತ್ತುತ್ತಾನೆ. ಡೊಳ್ಳು, ಪಟಾಕಿ ಶಬ್ದಕ್ಕೆ ಕಿವಿ ಮುಚ್ಚಿ ಓಡುತ್ತಾನೆ. ಹಿಂದಿನಿಂದ ಮುಟ್ಟಬೇಡಿ. ಸ್ಟೀಲ್ ಲೋಟದಲ್ಲಿ ಕುಡಿಯುತ್ತಾನೆ, ಬಾಟಲಿ ಬೇಡ. ಒಣ ಮಂಡಕ್ಕಿ ಕೊಡಬೇಡಿ."

ಕೊನೇ ಸಾಲಿನ ಬಗ್ಗೆ ಎರಡು ಮಾತು. ದಾವಣಗೆರೆಯಲ್ಲಿ ಯಾರ ಮನೆಗೆ ಹೋದರೂ ಮಂಡಕ್ಕಿ ತಟ್ಟೆ ಮುಂದೆ ಬರುತ್ತದೆ. ಪ್ರೀತಿಯಿಂದ ಮಗುವಿನ ಬಾಯಿಗೂ ಹಾಕುತ್ತಾರೆ. ಅಗಿಯಲು, ನುಂಗಲು ಕಷ್ಟವಿರುವ ಮಕ್ಕಳಿಗೆ ಒಣ ಮಂಡಕ್ಕಿ, ಕಡಲೆಬೀಜ ಗಂಟಲಿಗೆ ಸಿಕ್ಕುತ್ತದೆ, ಉಸಿರಿನ ದಾರಿಗೂ ಹೋಗಬಹುದು. ಮೆತ್ತಗಿನ ಬೆಣ್ಣೆ ದೋಸೆಯ ಚೂರು ಕೊಡಲಿ, ಪರವಾಗಿಲ್ಲ. ಮಲಗಿಸಿ ತಿನ್ನಿಸಬಾರದು. ಬೆನ್ನು ನೆಟ್ಟಗೆ, ಗದ್ದ ಸ್ವಲ್ಪ ಕೆಳಗೆ ಮಾಡಿ ಕೂರಿಸಿ, ಚಿಕ್ಕ ತುತ್ತು ಕೊಡಬೇಕು. ತಿಂದ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಊಟದ ನಡುವೆ ಪದೇ ಪದೇ ಕೆಮ್ಮುತ್ತಿದ್ದರೆ ಸುಮ್ನೆ ಬಿಡಬೇಡಿ. ನುಂಗುವುದನ್ನು ಪರೀಕ್ಷೆ ಮಾಡುವ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ.

ದಿನದ ನೋಟ್‌ಬುಕ್

ಫೈಲಿನ ಜೊತೆಗೆ 100 ಪುಟದ ಒಂದು ನೋಟ್‌ಬುಕ್ ಇರಲಿ. ದಿನಕ್ಕೆ ಎರಡು ಸಾಲು ಸಾಕು. ನಿದ್ದೆ ಎಷ್ಟು, ಊಟ ಹೇಗೆ, ಮೋಷನ್ ಆಯಿತಾ, ಏನಾದರೂ ಹೊಸದು ಮಾಡಿದನಾ. ಎಲ್ಲ ದಿನ ಬರೆಯಲು ಆಗದಿದ್ದರೆ ಬೇಸರ ಬೇಡ. ಫಿಟ್ಸ್ ಬಂದ ದಿನ ಮಾತ್ರ ತಪ್ಪಿಸಬೇಡಿ.

ಫಿಟ್ಸ್ ಬಂದಾಗ ಮಾಡಬೇಕಾದ್ದನ್ನು ನಾನು ಆ ನೋಟ್‌ಬುಕ್ಕಿನ ರಟ್ಟಿನ ಒಳಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ನಮ್ಮ ಕಡೆ ಈಗಲೂ ಕೈಗೆ ಬೀಗದ ಕೈ ಕೊಡುತ್ತಾರೆ, ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ, ಹಲ್ಲಿನ ನಡುವೆ ಚಮಚ ತುರುಕುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಚಮಚದಿಂದ ಹಲ್ಲು ಮುರಿಯುತ್ತದೆ, ಉಸಿರು ಕಟ್ಟುತ್ತದೆ. ಕಬ್ಬಿಣ, ಈರುಳ್ಳಿಯಿಂದ ಏನೂ ಆಗುವುದಿಲ್ಲ. ಫಿಟ್ಸ್ ತಾನಾಗಿ ನಿಲ್ಲುವ ಹೊತ್ತಿಗೆ ಕೈಯಲ್ಲಿ ಬೀಗದ ಕೈ ಇರುತ್ತದೆ ಅಷ್ಟೇ.

ಮಾಡಬೇಕಾದ್ದು ಇಷ್ಟು. ಮೊದಲು ಗಡಿಯಾರ ನೋಡಿ. ಸುತ್ತ ಇರುವ ಕುರ್ಚಿ, ಚೂಪಾದ ವಸ್ತು ಸರಿಸಿ. ತಲೆಯ ಕೆಳಗೆ ಟವೆಲ್ ಮಡಚಿ ಇಡಿ. ಕುತ್ತಿಗೆಯ ಗುಂಡಿ ಬಿಚ್ಚಿ. ಮೆಲ್ಲಗೆ ಒಂದು ಮಗ್ಗುಲಿಗೆ ತಿರುಗಿಸಿ, ಜೊಲ್ಲು ಹೊರಗೆ ಹರಿಯಲಿ. ಕೈಕಾಲು ಅಮುಕಿ ಹಿಡಿಯಬೇಡಿ. ಬಾಯಿಗೆ ಏನನ್ನೂ ಹಾಕಬೇಡಿ, ನೀರನ್ನೂ ಹಾಕಬೇಡಿ. ಪೂರ್ತಿ ಎಚ್ಚರವಾಗುವವರೆಗೆ ಪಕ್ಕದಲ್ಲೇ ಇರಿ. ಐದು ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಉಸಿರಾಟ ಸರಿಯಿಲ್ಲ ಅನ್ನಿಸಿದರೆ 108ಕ್ಕೆ ಫೋನ್ ಮಾಡಿ. ಅದೇ ಮೊದಲ ಸಲ ಬಂದ ಫಿಟ್ಸ್ ಆಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಡಾಕ್ಟರು ಮನೆಯಲ್ಲಿ ಬಳಸಲು ಮೂಗಿಗೆ ಹೊಡೆಯುವ ಸ್ಪ್ರೇ ಬರೆದುಕೊಟ್ಟಿದ್ದರೆ ಅದು ಎಲ್ಲಿದೆ, ಎಷ್ಟು ಸಲ ಹೊಡೆಯಬೇಕು ಅನ್ನುವುದು ಮನೆಯವರಿಗೆಲ್ಲ ಗೊತ್ತಿರಲಿ.

ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿ. ಮಗು ನರಳುವಾಗ ವಿಡಿಯೊ ಮಾಡುವುದು ತಾಯಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೆ ನಾವು ಬಾಯಿಮಾತಲ್ಲಿ ಹತ್ತು ನಿಮಿಷ ಹೇಳುವುದಕ್ಕಿಂತ ಆ ಮುಕ್ಕಾಲು ನಿಮಿಷದ ವಿಡಿಯೊದಲ್ಲಿ ಡಾಕ್ಟರಿಗೆ ಜಾಸ್ತಿ ಗೊತ್ತಾಗುತ್ತದೆ. ಆಮೇಲೆ ನೋಟ್‌ಬುಕ್ಕಿನಲ್ಲಿ ತಾರೀಖು, ಸಮಯ, ಎಷ್ಟು ನಿಮಿಷ, ಜ್ವರ ಇತ್ತಾ, ಮಾತ್ರೆ ತಪ್ಪಿತ್ತಾ, ನಿದ್ದೆಗೆಟ್ಟಿತ್ತಾ ಎಂದು ಬರೆಯಿರಿ. ನಮ್ಮ ನೋಟ್‌ಬುಕ್ ನೋಡಿದಾಗಲೇ ತಿಳಿದದ್ದು, ಮದುವೆ, ಜಾತ್ರೆ ಅಂತ ನಿದ್ದೆ ಕೆಟ್ಟ ಮರುದಿನವೇ ಅವನಿಗೆ ಜಾಸ್ತಿ ಬರುತ್ತಿತ್ತು. ಈಗ ದುಗ್ಗಮ್ಮನ ಜಾತ್ರೆಗೆ ಬೆಳಗ್ಗೆ ಹೊತ್ತು ಹೋಗಿ ಬಂದುಬಿಡುತ್ತೇವೆ.

ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. "ಆರು ತಿಂಗಳಾಯಿತು, ಬಂದಿಲ್ಲ, ಸಾಕು" ಅಂತ ಯಾರೇ ಹೇಳಲಿ. ಹಠಾತ್ತಾಗಿ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರಬಹುದು. ಸ್ಟ್ರಿಪ್ಪಿನಲ್ಲಿ ಐದು ದಿನದ್ದು ಉಳಿದಿರುವಾಗಲೇ ಹೊಸದು ತನ್ನಿ.

ಹೆಸರು ಎಲ್ಲ ಕಡೆ ಒಂದೇ ಇರಲಿ

ಇದು ಚಿಕ್ಕ ಕೆಲಸ, ಆದರೆ ಮೊದಲೇ ಆಗಬೇಕು. ಜನನ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ನೋಡಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುತ್ತದೆ. ಹುಟ್ಟಿದ ತಾರೀಖು ಬೇರೆ ಇರುತ್ತದೆ. ಮೊದಲು ಜನನ ಪ್ರಮಾಣಪತ್ರ ಸರಿ ಮಾಡಿಸಿ, ಅದರ ಆಧಾರದ ಮೇಲೆ ಉಳಿದದ್ದು. ಆಧಾರ್‌ನಲ್ಲಿ 5 ವರ್ಷಕ್ಕೆ ಮತ್ತು 15 ವರ್ಷಕ್ಕೆ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಮುಷ್ಟಿ ಬಿಚ್ಚಲಾಗದ, ಕಣ್ಣು ಒಂದೆಡೆ ನಿಲ್ಲಿಸಲಾಗದ ಮಕ್ಕಳಿಗೆ ವಿನಾಯಿತಿ ಇದೆ. ಅಂಥ ಮಗು ಎಂದು ಮೊದಲೇ ಹೇಳಿ. ಮಗುವಿನ ಹೆಸರಲ್ಲಿ, ತಾಯಿಯೋ ತಂದೆಯೋ ಪೋಷಕರಾಗಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ತೆರೆಯಿರಿ. ಮುಂದೆ ಬರುವ ಹಣವೆಲ್ಲ ಅದಕ್ಕೇ ಬರುವುದು.

ಯುಡಿಐಡಿ ಕಾರ್ಡಿಗೆ ಅರ್ಜಿ

ಯುಡಿಐಡಿ ಅಂದರೆ ಅಂಗವಿಕಲತೆಯ ಗುರುತಿನ ಕಾರ್ಡು. ಅಂಗವಿಕಲತೆ ಎಷ್ಟು ಪರ್ಸೆಂಟ್ ಎಂದು ಅದರಲ್ಲಿರುತ್ತದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಹಿಂದಿನ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಇದ್ದವು, ಈಗ 21 ಇವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಕಲಿಕೆಯ ತೊಂದರೆ, ಮಸ್ಕ್ಯುಲರ್ ಡಿಸ್ಟ್ರೋಫಿ, ಥಲಸೇಮಿಯಾ, ಕುಡುಗೋಲು ಕಣ ರಕ್ತಹೀನತೆ ಎಲ್ಲ ಸೇರಿವೆ. ಹಾಗಾಗಿ "ಕೈಕಾಲು ಚೆನ್ನಾಗಿವೆಯಲ್ಲ, ನಿಮಗೆ ಸಿಗಲ್ಲ" ಅನ್ನುವ ಮಾತು ಕೇಳಿ ಮನೆಗೆ ಬರಬೇಡಿ.

ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ. ನಿಮಗೆ ಆಗದಿದ್ದರೆ ಹಳ್ಳಿಯಲ್ಲಿ ಗ್ರಾಮ ಒನ್, ಪೇಟೆಯಲ್ಲಿ ಸೈಬರ್ ಸೆಂಟರ್. ಇನ್ನೂ ಒಳ್ಳೆಯ ದಾರಿ ಒಂದಿದೆ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು, ಪೇಟೆಯಲ್ಲಿ ಯುಆರ್‌ಡಬ್ಲ್ಯು. ಇವರೂ ಅಂಗವಿಕಲರೇ, ನಮ್ಮ ಕಷ್ಟ ಇವರಿಗೆ ಬಿಡಿಸಿ ಹೇಳಬೇಕಿಲ್ಲ. ಅರ್ಜಿ ತುಂಬಲು ನೆರವಾಗುವುದೇ ಇವರ ಕೆಲಸ. ಪಂಚಾಯಿತಿಯಲ್ಲಿ ಕೇಳಿ ಅವರ ನಂಬರನ್ನು ಫೈಲಿನ ಮೊದಲ ಪುಟದ ಹಿಂದೆ ಬರೆದಿಡಿ.

ಬೇಕಾದ್ದು: ಮಗುವಿನ ಪಾಸ್‌ಪೋರ್ಟ್ ಅಳತೆಯ ಫೋಟೋ, ಆಧಾರ್, ವಿಳಾಸದ ದಾಖಲೆ, ಸಹಿ ಅಥವಾ ಹೆಬ್ಬೆಟ್ಟು, ಮೊಬೈಲ್ ನಂಬರು. ನಂಬರು ನಿಮ್ಮದೇ ಕೊಡಿ, ಸೈಬರ್ ಸೆಂಟರಿನವರದ್ದು ಬೇಡ. ಮುಂದಿನ ಸಂದೇಶಗಳು ಅದಕ್ಕೇ ಬರುತ್ತವೆ. ಅರ್ಜಿ ಮುಗಿದ ಮೇಲೆ ಸಿಗುವ ನೋಂದಣಿ ಸಂಖ್ಯೆಯ ಚೀಟಿ ಮುದ್ರಿಸಿ ಫೈಲಿಗೆ ಹಾಕಿ.

ಅರ್ಜಿ ಹಾಕಿದ ಮೇಲೆ ಅಂಗವಿಕಲತೆ ಎಷ್ಟಿದೆ ಎಂದು ಡಾಕ್ಟರು ಪರೀಕ್ಷೆ ಮಾಡುತ್ತಾರೆ. ದಾವಣಗೆರೆಯವರಿಗೆ ಆ ಪರೀಕ್ಷೆ ಸಾಮಾನ್ಯವಾಗಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ. ಜಗಳೂರು, ಚನ್ನಗಿರಿ, ನ್ಯಾಮತಿಯಿಂದ ಬರುವವರು ಬಸ್ ಹತ್ತುವ ಮೊದಲು ಒಂದು ಫೋನ್ ಮಾಡಿ, ಅಥವಾ ವಿಆರ್‌ಡಬ್ಲ್ಯು ಕಡೆಯಿಂದ ಮಾಡಿಸಿ. ನಿಮ್ಮ ಮಗುವಿನ ತೊಂದರೆಗೆ ಸಂಬಂಧಿಸಿದ ತಜ್ಞರು ಯಾವ ವಾರ ಕೂರುತ್ತಾರೆ ಎಂದು ಕೇಳಿಯೇ ಹೊರಡಿ. ಮಗುವನ್ನು ಎತ್ತಿಕೊಂಡು 50 ಕಿಲೋಮೀಟರ್ ಬಂದು "ಇವತ್ತು ಮನೋವೈದ್ಯರಿಲ್ಲ, ಗುರುವಾರ ಬನ್ನಿ" ಅನ್ನಿಸಿಕೊಂಡವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಅಂಗವಿಕಲತೆಯ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ, ಪರ್ಸೆಂಟ್ ಜಾಸ್ತಿ ಹಾಕಿಸುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ. ಸುಳ್ಳು ಸರ್ಟಿಫಿಕೇಟು ಒಂದು ದಿನ ಮರುಪರೀಕ್ಷೆಗೆ ಬಂದೇ ಬರುತ್ತದೆ. ಆಗ ನಿಜವಾಗಿ ಕಷ್ಟದಲ್ಲಿರುವ ಮಗುವನ್ನೂ ಅನುಮಾನದಿಂದ ನೋಡುತ್ತಾರೆ.

ಪರೀಕ್ಷೆಯ ದಿನ: ನಿಜ ಹೇಳಿ

ಇಡೀ ಬರಹದಲ್ಲಿ ನೀವು ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗೆ ಐಕ್ಯು ಪರೀಕ್ಷೆಯ ಜೊತೆಗೆ ವಿಎಸ್‌ಎಂಎಸ್ ಎಂಬ ಅಳತೆ ಮಾಡುತ್ತಾರೆ. ವೈನ್‌ಲ್ಯಾಂಡ್ ಸೋಷಿಯಲ್ ಮೆಚ್ಯೂರಿಟಿ ಸ್ಕೇಲ್ ಎಂದು ಅದರ ಹೆಸರು. ಭಾರತದ ಮಕ್ಕಳಿಗೆ ಹೊಂದಿಸಿದ ರೂಪದಲ್ಲಿ 89 ಅಂಶಗಳಿವೆ. ಇದರಲ್ಲಿ ಪ್ರಶ್ನೆ ಕೇಳುವುದು ಮಗುವನ್ನಲ್ಲ, ನಮ್ಮನ್ನು. ತಾನೇ ತಿನ್ನುತ್ತಾನಾ? ಚಡ್ಡಿ ಹಾಕಿಕೊಳ್ಳುತ್ತಾನಾ? ಗುಂಡಿ ಹಾಕುತ್ತಾನಾ? ಶೌಚಕ್ಕೆ ಹೇಳುತ್ತಾನಾ? ಅಂಗಡಿಗೆ ಕಳಿಸಿದರೆ ಹೋಗಿ ಬರುತ್ತಾನಾ?

ಇಲ್ಲೇ ನಾವು ಅಮ್ಮಂದಿರು ತಪ್ಪು ಮಾಡುವುದು. ಎದುರಿಗೆ ಗುರುತಿಲ್ಲದವರು ಕೂತಿದ್ದಾರೆ, ಮಗನನ್ನು ಕಡಿಮೆ ಮಾಡಿ ಹೇಳಲು ಬಾಯಿ ಬರುವುದಿಲ್ಲ. "ಹೂಂ, ತಿಂತಾನೆ" ಅಂದುಬಿಡುತ್ತೇವೆ. ಅನ್ನ ಕಲಸಿ, ತಟ್ಟೆ ಹಿಡಿದು, ಅರ್ಧ ನೆಲಕ್ಕೆ ಬಿದ್ದದ್ದನ್ನು ಬಾಚಿ, ಉಳಿದದ್ದನ್ನು ನಾವೇ ತಿನ್ನಿಸುವುದು ಯಾವ ಸಾಲಿನಲ್ಲೂ ಬರುವುದಿಲ್ಲ. ನಾನೂ ಹಾಗೇ ಹೇಳಿದ್ದೆ. ಅಲ್ಲಿದ್ದ ಮನಶ್ಶಾಸ್ತ್ರಜ್ಞೆ ಪೆನ್ನು ಕೆಳಗಿಟ್ಟು, "ಅಮ್ಮಾ, ನೀವು ಒಂದು ವಾರ ಇಲ್ಲ ಅಂದುಕೊಳ್ಳಿ. ಆಗಲೂ ತಿಂತಾನಾ?" ಎಂದರು. ನನಗೆ ಅಳು ಬಂತು. ಆಮೇಲೆ ಪ್ರತಿ ಪ್ರಶ್ನೆಗೂ ಸರಿಯಾದ ಉತ್ತರ ಸಿಕ್ಕಿತು.

ಹಾಗಾಗಿ ಹೋಗುವ ಮುಂಚೆ ಮೂರು ದಿನ ಮಗುವನ್ನು ಗಮನಿಸಿ ಬರೆದಿಡಿ. ತಾನೇ ಮಾಡುವುದು ಯಾವುದು, ಹೇಳಿದರೆ ಮಾಡುವುದು ಯಾವುದು, ಕೈಹಿಡಿದು ಮಾಡಿಸಬೇಕಾದ್ದು ಯಾವುದು, ನಾವೇ ಮಾಡುವುದು ಯಾವುದು. ಎಲ್ಲೋ ಒಂದು ದಿನ ಮಾಡಿದ್ದನ್ನು "ಮಾಡುತ್ತಾನೆ" ಅನ್ನಬೇಡಿ. ಕಷ್ಟವನ್ನು ಹೆಚ್ಚು ಮಾಡಿಯೂ ಹೇಳಬೇಡಿ. ಇದ್ದದ್ದು ಇದ್ದ ಹಾಗೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಈ ಅಂಕವೇ ಪರ್ಸೆಂಟ್ ಆಗುತ್ತದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ (2024ರಲ್ಲಿ ಅದು ಪರಿಷ್ಕೃತವಾಗಿದೆ) ಲೆಕ್ಕ ಹೀಗಿತ್ತು. ಅಂಕ 55ರಿಂದ 69 ಇದ್ದರೆ 50 ಪರ್ಸೆಂಟ್. 36ರಿಂದ 54 ಇದ್ದರೆ 75. 21ರಿಂದ 35 ಇದ್ದರೆ 90. 20 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 100. ಆದರೆ 70ರಿಂದ 84 ಬಂದರೆ ಬರೀ 25. ಹೆಚ್ಚಿನ ಸೌಲಭ್ಯಗಳಿಗೆ 40 ಪರ್ಸೆಂಟ್ ಬೇಕು. ಮರ್ಯಾದೆಗೆ ಅಂಜಿ ಹೇಳಿದ ಎರಡು ಮೂರು "ಹೂಂ"ಗಳಿಂದ ಮಗು ಆ ಗೆರೆಯ ಆಚೆಗೆ ಹೋಗಬಹುದು.

ಮಗು ಅವತ್ತು ಕೋಪ ಮಾಡಿಕೊಂಡು ಏನೂ ಮಾಡದಿದ್ದರೆ ಅದನ್ನೂ ಹೇಳಿ, ಇನ್ನೊಂದು ದಿನ ಕೇಳಿ. ಕಾಯುವುದು ಎರಡು ಮೂರು ಗಂಟೆ ಆಗಬಹುದು. ಊಟ, ನೀರು, ಬದಲಿ ಬಟ್ಟೆ, ಮಧ್ಯಾಹ್ನದ ಮಾತ್ರೆ, ಅವನಿಗೆ ಇಷ್ಟದ ಒಂದು ಆಟಿಕೆ ಚೀಲದಲ್ಲಿರಲಿ. ಜೊತೆಗೆ ಇನ್ನೊಬ್ಬರು ದೊಡ್ಡವರು ಬರಲಿ. ಸಾಲಿನಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಮಗುವನ್ನು ಹೊರಗೆ ಓಡಾಡಿಸಬಹುದು.

ಕಾರ್ಡು ಬಂದಾಗ ಬಣ್ಣ ನೋಡಿ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಪಟ್ಟಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ. ಅದರ ಕೊನೆಯ ತಾರೀಖನ್ನು ಫೈಲಿನ ಮೇಲೆಯೇ ಬರೆಯಿರಿ. ಅದು ಮುಗಿಯುವ ಮೂರು ತಿಂಗಳ ಮುಂಚೆ ನವೀಕರಣದ ಕೆಲಸ ಶುರು ಮಾಡಿ. ಪರ್ಸೆಂಟ್ ತಪ್ಪಾಗಿದೆ ಅನ್ನಿಸಿದರೆ ಮೇಲ್ಮನವಿ ಹಾಕಲು 2016ರ ಕಾಯ್ದೆಯಲ್ಲೇ ಅವಕಾಶವಿದೆ.

ಕಾರ್ಡು ಕೈಗೆ ಬಂದ ಮೇಲೆ

ಮೊದಲು ಮಾಸಾಶನ. ಅರ್ಜಿ ನಾಡಕಚೇರಿಯಲ್ಲಿ. ಆದಾಯ ಪ್ರಮಾಣಪತ್ರ, ಕಾರ್ಡು, ಆಧಾರ್, ಪಾಸ್‌ಬುಕ್ಕು ಬೇಕು. ಪರ್ಸೆಂಟ್ ಮೇಲೆ ದರ ಬದಲಾಗುತ್ತದೆ, 75ಕ್ಕಿಂತ ಮೇಲಿನವರಿಗೆ ಜಾಸ್ತಿ. ಹಣ ನಿಂತರೆ ಮೊದಲು ಬ್ಯಾಂಕಿನಲ್ಲಿ ಆಧಾರ್ ಜೋಡಣೆ ನೋಡಿಸಿ, ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ ಇರುವವರನ್ನು ನೋಡಿಕೊಳ್ಳುವವರಿಗೆ ರಾಜ್ಯ ಸರ್ಕಾರ ಆರೈಕೆದಾರರ ಭತ್ಯೆಯನ್ನೂ ಪ್ರಕಟಿಸಿದೆ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ.

ಬಸ್ ಪಾಸಿಗೆ ಅರ್ಜಿ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ. ವರ್ಷದ ಪಾಸಿಗೆ ನಾವು ಕಟ್ಟಿದ್ದು 660 ರೂಪಾಯಿ. ಮನೆಯಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದು. ದಾವಣಗೆರೆ-ಚಿತ್ರದುರ್ಗ ಅದರೊಳಗೇ ಬರುತ್ತದೆ, ಹಾಗಾಗಿ ಥೆರಪಿಗೆ ಓಡಾಡುವವರಿಗೆ ತುಂಬಾ ಉಪಯೋಗ. ಬೆಂಗಳೂರಿನ ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಹೋಗಬೇಕಾದರೆ ರೈಲು ಒಳ್ಳೆಯದು. ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾಗದ ಮಗುವಿಗೂ ಜೊತೆಗೆ ಹೋಗುವ ಒಬ್ಬರಿಗೂ ಸ್ಲೀಪರ್, ಮೂರನೇ ಎಸಿ ದರ್ಜೆಯಲ್ಲಿ 75 ಪರ್ಸೆಂಟ್ ರಿಯಾಯಿತಿ ಇದೆ. ಅದಕ್ಕೆ ರೈಲ್ವೆಯದೇ ನಮೂನೆಯಲ್ಲಿ ಸರ್ಕಾರಿ ಡಾಕ್ಟರ ಸಹಿ ಬೇಕು, ರೈಲ್ವೆಯ ಗುರುತಿನ ಚೀಟಿ ಮಾಡಿಸಬೇಕು. ನಮ್ಮ ಎರಡೂ ಊರು ಮೈಸೂರು ವಿಭಾಗಕ್ಕೆ ಸೇರುತ್ತವೆ. ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆಯ ತೊಂದರೆ, ಬಹು ಅಂಗವಿಕಲತೆ, ಈ ನಾಲ್ಕರಲ್ಲಿ ಯಾವುದಿದ್ದರೂ ನಿರಾಮಯ ವಿಮೆ ಮಾಡಿಸಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸ, ಅಂದರೆ ನ್ಯಾಷನಲ್ ಟ್ರಸ್ಟ್‌ನ ಯೋಜನೆ ಇದು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ. ಬೇರೆ ವಿಮೆಯವರು ಬಾಗಿಲಲ್ಲೇ ಬೇಡ ಅನ್ನುವ ನಮ್ಮ ಮಕ್ಕಳಿಗೆ ಇಲ್ಲಿ ಮೊದಲೇ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. ಓಪಿಡಿ ಮತ್ತು ಥೆರಪಿ ಖರ್ಚಿಗೂ ಒಂದು ಪಾಲು ಇದೆ. ಮಾರ್ಚ್ 31ಕ್ಕೆ ಅವಧಿ ಮುಗಿಯುತ್ತದೆ, ಮೊದಲೇ ನವೀಕರಿಸಿ. ಬಿಲ್ಲು ಕಳಿಸಲು ತಡ ಮಾಡಬೇಡಿ. ಬಿಲ್ಲಿನ ಜೊತೆ ಅದೇ ತಾರೀಖಿನ ಡಾಕ್ಟರ ಚೀಟಿ ಇರಲಿ. ಇದಕ್ಕೇ ಫೈಲಿನಲ್ಲಿ ಒಂದು ಜೇಬು ಬೇರೆ ಮಾಡಿ.

ಥೆರಪಿಗೆ ದೂರ ಹೋಗುವ ಮೊದಲು ಊರಲ್ಲೇ ಇರುವುದನ್ನು ನೋಡಿ. ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ಸಂಯುಕ್ತ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲೇ ಇದೆ. ಫಿಸಿಯೋಥೆರಪಿ, ಸ್ಪೀಚ್ ಥೆರಪಿ, ವಿಶೇಷ ಶಿಕ್ಷಣದ ಸಲಹೆ ಒಂದೇ ಕಡೆ ಸಿಗುತ್ತದೆ. ಚಿಕ್ಕ ಮಕ್ಕಳಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರದ ಬಗ್ಗೆ ಕೇಳಿ. ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುವ ಆರ್‌ಬಿಎಸ್‌ಕೆ ತಂಡದವರು ಕಳಿಸುವುದೂ ಅಲ್ಲಿಗೇ. ಥೆರಪಿಸ್ಟ್ ಮಾಡುವುದು ವಾರಕ್ಕೆ ಒಂದೆರಡು ಗಂಟೆ. ಉಳಿದ ದಿನ ಮನೆಯಲ್ಲಿ ಏನು ಮಾಡಿಸಬೇಕು ಎಂದು ಪ್ರತಿ ಸಲ ಬರೆಸಿಕೊಂಡು ಬನ್ನಿ.

ಶಾಲೆ

ಬೆಂಚ್‌ಮಾರ್ಕ್, ಅಂದರೆ 40 ಪರ್ಸೆಂಟ್ ಮತ್ತು ಮೇಲಿನ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಿಮ್ಮದು. "ನಮ್ಮಲ್ಲಿ ಇಂಥ ಮಕ್ಕಳಿಲ್ಲ" ಎಂದು ನಮಗೂ ಒಂದು ಶಾಲೆಯಲ್ಲಿ ಹೇಳಿದ್ದರು. ನಾವು ಬಿಆರ್‌ಸಿಗೆ, ಅಂದರೆ ಶಿಕ್ಷಣ ಇಲಾಖೆಯ ತಾಲ್ಲೂಕು ಸಂಪನ್ಮೂಲ ಕೇಂದ್ರಕ್ಕೆ ಹೋದೆವು. ಪ್ರತಿ ತಾಲ್ಲೂಕಿನ ಬಿಆರ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ. ಅವರು ಬಂದು ಮಾತಾಡಿದ ಮೇಲೆ ಬೇರೆ ಶಾಲೆಯೊಂದರಲ್ಲಿ ಅವನಿಗೆ ಜಾಗ ಸಿಕ್ಕಿತು. ಶಾಲೆಗೆ ಹೋಗಲಾಗದಷ್ಟು ಕಷ್ಟವಿದ್ದರೆ ಗೃಹಾಧಾರಿತ ಶಿಕ್ಷಣವನ್ನೂ ಅವರ ಹತ್ತಿರವೇ ಕೇಳಿ.

ಮೊದಲ ದಿನ ಟೀಚರ ಕೈಗೆ ಫೈಲು ಕೊಡಬೇಡಿ, ಹೆದರುತ್ತಾರೆ. ಮೊದಲ ಪುಟದ ಜೆರಾಕ್ಸ್ ಮಾತ್ರ ಕೊಡಿ. ಫಿಟ್ಸ್ ಬಂದಾಗ ಏನು ಮಾಡಬೇಕು ಎಂದು ನೀವೇ ನಿಂತು ಒಮ್ಮೆ ತೋರಿಸಿ. ಬಿಸಿಯೂಟ ಬಡಿಸುವ ಅಕ್ಕಂದಿರಿಗೂ ತೋರಿಸಿ. ನಮ್ಮ ಹುಡುಗನಿಗೆ ಶಾಲೆಯಲ್ಲಿ ಫಿಟ್ಸ್ ಬಂದಾಗ ಮೊದಲು ಮಗ್ಗುಲಿಗೆ ತಿರುಗಿಸಿದ್ದು ಅಂಥ ಒಬ್ಬ ಅಕ್ಕನೇ.

18 ತುಂಬುವ ಮುಂಚೆ

ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಮಗನಿಗೆ 18 ತುಂಬಿದ ದಿನದಿಂದ ಕಾನೂನಿನ ಕಣ್ಣಲ್ಲಿ ಅವನು ದೊಡ್ಡವನು. ಬ್ಯಾಂಕಿನಲ್ಲಿ, ಆಸ್ತಿ ವಿಷಯದಲ್ಲಿ ಅವನ ಪರವಾಗಿ ಸಹಿ ಹಾಕಲು ಅಪ್ಪ-ಅಮ್ಮ ಅನ್ನುವುದಷ್ಟೇ ಸಾಲುವುದಿಲ್ಲ. ನಿರಾಮಯಕ್ಕೆ ಹೇಳಿದ ಆ ನಾಲ್ಕು ಬಗೆಯ ಮಕ್ಕಳಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಕಾನೂನು ಪೋಷಕರನ್ನು ನೇಮಿಸಬಹುದು. ಅದನ್ನು ಮಾಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ. ಕೋರ್ಟಿಗೆ ಅಲೆಯಬೇಕಿಲ್ಲ. 17 ತುಂಬಿದ ಕೂಡಲೇ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ನಮೂನೆ ಕೇಳಿಟ್ಟುಕೊಳ್ಳಿ. ನಾನೂ ಈಗಿನಿಂದಲೇ ಒಂದು ಜೇಬು ಖಾಲಿ ಬಿಟ್ಟಿದ್ದೇನೆ.

ನಿಮ್ಮದೂ ಒಂದು ಹಾಳೆ

ರಾತ್ರಿ ನಿದ್ದೆ ಇಲ್ಲದೆ, ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ನಾನು ವರ್ಷಗಟ್ಟಲೆ ಕಳೆದಿದ್ದೇನೆ. ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಇದೆ, ನಂಬರು 14416. ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಮಾಡಬಹುದು. ಈ ನಂಬರನ್ನು ಫೈಲಿನ ಹಿಂದಿನ ರಟ್ಟಿಗೆ ಅಂಟಿಸಿ. ನಿಮ್ಮ ಬಿಪಿ, ಶುಗರ್ ಚೀಟಿಗೂ ಒಂದು ಜೇಬು ಇಡಿ. ಮಗನನ್ನು ಎತ್ತುವ ಸೊಂಟ ನಿಮ್ಮದು.

ಫೈಲು ಗೊತ್ತಿರುವ ಎರಡನೆಯವರು

ಕೊನೆಯ ಕೆಲಸ. ಈ ಫೈಲು ಎಲ್ಲಿದೆ, ಒಳಗೆ ಏನಿದೆ ಎಂದು ನಿಮ್ಮನ್ನು ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಬೇಕು. ಅವರು ಒಮ್ಮೆಯಾದರೂ ನೀವಿಲ್ಲದೆ ಅದನ್ನು ಹಿಡಿದು ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರಬೇಕು. ನಮ್ಮ ಮನೆಯಲ್ಲಿ ಆ ಎರಡನೆಯವಳು ನನ್ನ ನಾದಿನಿ. ಮೊದಲ ಸಲ ಹೋದಾಗ ಅವಳು ನನಗೆ ಏಳು ಸಲ ಫೋನ್ ಮಾಡಿದಳು. ಎರಡನೇ ಸಲ ಒಂದೇ ಸಲ. ಕಳೆದ ತಿಂಗಳು ಫೋನೇ ಬರಲಿಲ್ಲ. ಸಂಜೆ ಮಗನನ್ನು ಬಿಟ್ಟು ಹೋದ ಮೇಲೆ ಫೈಲು ತೆರೆದು ನೋಡಿದೆ. ಹೊಸ ಔಷಧಿ ಚೀಟಿ ಎಲ್ಲಕ್ಕಿಂತ ಮೇಲಿತ್ತು. ಮೊದಲ ಪುಟದಲ್ಲಿ ತೂಕ ತಿದ್ದಿ, ಪಕ್ಕದಲ್ಲಿ ಅವಳದೇ ಅಕ್ಷರದಲ್ಲಿ ತಾರೀಖು ಹಾಕಿದ್ದಳು.